ವೆಬ್‌ಸೈಟ್ ಡೆವಲಪರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ: ಕಲಬುರಗಿ, ಬೀದರ್, ಯಾದಗಿರಿ ವ್ಯಾಪಾರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. "ಸೈಟ್ ಮಾಡಿಕೊಟ್ಟ ಹುಡುಗ ಫೋನ್ ಎತ್ತುತ್ತಿಲ್ಲ ರೀ, ಸೈಟ್ ಬಂದ್ ಆಗಿದೆ, ಡೊಮೇನ್ ಅವನ ಹೆಸರಿನಲ್ಲೇ ಇದೆಯಂತೆ, ಈಗ ಏನ್ ಮಾಡೋದು?" ಕೇಳುವವರು ಗಂಜ್ ಮಾರುಕಟ್ಟೆಯ ದಾಲ್ ಮಿಲ್‌ನವರು ಇರಬಹುದು, ಬೀದರ್‌ನ ಬಿದ್ರಿ ಅಂಗಡಿಯವರು ಇರಬಹುದು, ಶಹಾಪುರದಲ್ಲಿ ನರ್ಸಿಂಗ್ ಹೋಂ ನಡೆಸುವವರೂ ಇರಬಹುದು. ಉತ್ತರ ಕೊಡುವುದು ಕಷ್ಟ, ಯಾಕಂದ್ರೆ ತಪ್ಪು ಆಗಿರುವುದು ಇವತ್ತಲ್ಲ. ಸೈಟ್ ಮಾಡಿಸಲು ಹೊರಟ ಮೊದಲ ವಾರದಲ್ಲೇ ಆಗಿರುತ್ತದೆ.

ಎಲ್ಲರೂ ಮೊದಲು ಡೆವಲಪರ್‌ನನ್ನು ಹುಡುಕುತ್ತಾರೆ. ಉಳಿದದ್ದನ್ನೆಲ್ಲ ಅವನಿಗೆ ಬಿಡುತ್ತಾರೆ. ಕ್ರಮ ಇದರ ಉಲ್ಟಾ ಇರಬೇಕು. ಕೆಳಗಿನ ಹಂತಗಳಲ್ಲಿ ಡೆವಲಪರ್ ಬರುವುದು ನಾಲ್ಕನೆಯದರಲ್ಲಿ. ಮೊದಲಿನ ಮೂರನ್ನು ಹಾರಿಸಬೇಡಿ, ಅಲ್ಲೇ ಎಲ್ಲರೂ ಎಡವುವುದು.

ಶುರು ಮಾಡುವಾಗ ಕೈಯಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ನಿಮ್ಮ ಹೆಸರಿನ ಸಿಮ್ ಇರುವ ಫೋನ್, ನಿಮ್ಮದೇ ಕಾರ್ಡ್ ಅಥವಾ ಯುಪಿಐ, ಪ್ಯಾನ್, ಜಿಎಸ್‌ಟಿ ಇದ್ದರೆ ಅದರ ಪ್ರಮಾಣಪತ್ರ, ಮತ್ತೆ ಒಂದು ನೋಟ್‌ಬುಕ್. ನೋಟ್‌ಬುಕ್ ಅಂದಿದ್ದು ತಮಾಷೆಗಲ್ಲ, ಒಂಬತ್ತನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 1: ಸೈಟ್ ಯಾತಕ್ಕೆ ಬೇಕು ಎಂದು ಒಂದು ವಾಕ್ಯ ಬರೆಯಿರಿ

"ಎಲ್ಲರ ಹತ್ತಿರ ಇದೆ, ನಮಗೂ ಒಂದಿರಲಿ" ಎನ್ನುವುದು ಕಾರಣ ಅಲ್ಲ. ಸೈಟ್ ನೋಡಿದವರು ಕೊನೆಗೆ ಏನು ಮಾಡಬೇಕು? ಅದನ್ನು ಬರೆಯಿರಿ.

ದಾಲ್ ಮಿಲ್ ಆದರೆ: "ಹೊರರಾಜ್ಯದ ಸಗಟು ವ್ಯಾಪಾರಿ ನಮ್ಮ ತೊಗರಿ ಬೇಳೆಯ ಗ್ರೇಡ್, ಪ್ಯಾಕಿಂಗ್ ನೋಡಿ ಫೋನ್ ಮಾಡಬೇಕು." ಇದಕ್ಕೆ ನಾಲ್ಕೈದು ಪುಟ ಸಾಕು. ಕಾರ್ಟ್ (ಆರಿಸಿದ ಸರಕು ಕೂಡಿಡುವ ಬುಟ್ಟಿ) ಬೇಡ, ಪೇಮೆಂಟ್ ಗೇಟ್‌ವೇ (ಸೈಟಿನಲ್ಲೇ ರೊಕ್ಕ ಕಟ್ಟಿಸಿಕೊಳ್ಳುವ ಸೇವೆ) ಬೇಡ. ಟನ್‌ಗಟ್ಟಲೆ ಬೇಳೆಯನ್ನು ಯಾರೂ "ಬೈ ನೌ" ಒತ್ತಿ ಕೊಳ್ಳುವುದಿಲ್ಲ. ಬಿದ್ರಿ ಅಂಗಡಿಯಾದರೆ ಕಥೆ ಬೇರೆ: "ಬೇರೆ ಊರಿನವರು ಒಂದೊಂದು ವಸ್ತು ನೋಡಿ, ರೊಕ್ಕ ಕಟ್ಟಿ, ಮನೆಗೆ ತರಿಸಿಕೊಳ್ಳಬೇಕು." ಇದಕ್ಕೆ ಕಾರ್ಟ್, ಗೇಟ್‌ವೇ, ಕೊರಿಯರ್ ಲೆಕ್ಕ, ವಾಪಸಾತಿ ನಿಯಮ ಎಲ್ಲಾ ಬೇಕು. ಖರ್ಚು ಹಲವು ಪಟ್ಟು ಜಾಸ್ತಿ.

ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಮನೆ ಉದ್ಯಮಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ವೆಬ್‌ಸೈಟೇ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಪುಟ) ಉಚಿತ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಉಚಿತ. ಅಲ್ಲಿ ಆರ್ಡರ್ ಬಂದು, ಕೈಗೆ ಹತ್ತದಷ್ಟು ಆದ ಮೇಲೆ ಸೈಟ್ ಯೋಚನೆ ಮಾಡಿ.

ಹಂತ 2: ಡೊಮೇನ್ ನೀವೇ ಕೊಳ್ಳಿ, ನಿಮ್ಮ ಹೆಸರಿನಲ್ಲೇ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಡೊಮೇನ್ ಅಂದರೆ ಸೈಟಿನ ಹೆಸರು, ಡಾಟ್ ಕಾಮ್ ಅಥವಾ ಡಾಟ್ ಇನ್ ಅಂತ ಮುಗಿಯುತ್ತದಲ್ಲ, ಅದು. ಇದನ್ನು ಡೆವಲಪರ್ ಖಾತೆಯಲ್ಲಿ ಕೊಳ್ಳುವುದು ಅಂಗಡಿಯ ಖಾತಾವನ್ನು ಅಂಗಡಿ ಕಟ್ಟಿದ ಗೌಂಡಿ ಹೆಸರಿಗೆ ಮಾಡಿಸಿದ ಹಾಗೆ. ಸೈಟ್ ಕೆಟ್ಟರೆ ಇನ್ನೊಬ್ಬರಿಂದ ಮಾಡಿಸಬಹುದು, ಹೋಸ್ಟಿಂಗ್ (ಸೈಟಿನ ಕಡತಗಳನ್ನು ಇಡುವ ಬಾಡಿಗೆ ಜಾಗ) ಬದಲಿಸಬಹುದು. ಹೆಸರು ಕೈ ತಪ್ಪಿದರೆ ವಿಸಿಟಿಂಗ್ ಕಾರ್ಡ್, ಚೀಲದ ಮೇಲಿನ ಪ್ರಿಂಟ್, ಇಮೇಲ್, ಗೂಗಲ್‌ನಲ್ಲಿ ಬಂದ ಹೆಸರು ಎಲ್ಲಾ ಹೋಗುತ್ತದೆ.

ಮಾಡುವ ರೀತಿ ಹೀಗೆ. ಮೊದಲು ವ್ಯಾಪಾರಕ್ಕೆ ಅಂತಲೇ ಒಂದು ಹೊಸ ಜಿಮೇಲ್ ತೆರೆಯಿರಿ. ರಿಕವರಿ ನಂಬರ್ ಮಾಲೀಕರದ್ದೇ ಇರಲಿ. ಅಳಿಯನದ್ದೂ ಬೇಡ, ಲೆಕ್ಕ ಬರೆಯುವವರದ್ದೂ ಬೇಡ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಮೇಲೆ ಆ ಇಮೇಲ್‌ನಿಂದ ಗೋಡ್ಯಾಡಿ, ಹೋಸ್ಟಿಂಗರ್, ಬಿಗ್‌ರಾಕ್‌ನಂಥ ಯಾವುದಾದರೂ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಹತ್ತಿರ ಖಾತೆ ತೆರೆದು ಹೆಸರು ಕೊಳ್ಳಿ. "ರಿಜಿಸ್ಟ್ರಂಟ್" ಎಂಬ, ಅಂದರೆ ಡೊಮೇನ್ ಮಾಲೀಕರ, ಜಾಗದಲ್ಲಿ ನಿಮ್ಮ ಹೆಸರು, ಸಂಸ್ಥೆಯ ಹೆಸರು, ನಿಮ್ಮ ವಿಳಾಸ ಬರಬೇಕು. ಕೊಂಡ ತಕ್ಷಣ ಪರಿಶೀಲನೆಯ ಇಮೇಲ್ ಬರುತ್ತದೆ, ಅದರಲ್ಲಿರುವ ಲಿಂಕ್ ಒತ್ತಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ 15 ದಿನದೊಳಗೆ ಇದನ್ನು ಮಾಡದಿದ್ದರೆ ಡೊಮೇನ್ ತಡೆಹಿಡಿಯುತ್ತಾರೆ. "ಸೈಟ್ ಶುರುವಾಗಿ ಎರಡು ವಾರಕ್ಕೇ ನಿಂತಿತು" ಎನ್ನುವ ಎಷ್ಟೋ ದೂರುಗಳಿಗೆ ಇದೇ ಕಾರಣ, ಡೆವಲಪರ್‌ದೇನೂ ತಪ್ಪಿರುವುದಿಲ್ಲ.

ಬೆಲೆ ನೋಡುವಾಗ ಮೊದಲ ವರ್ಷದ ಆಫರ್ ನೋಡಬೇಡಿ, ನವೀಕರಣದ ಬೆಲೆ ನೋಡಿ. ಮೊದಲ ವರ್ಷ ಚಿಲ್ಲರೆ ರೊಕ್ಕಕ್ಕೆ ಕೊಟ್ಟು ಎರಡನೇ ವರ್ಷ ಸಾವಿರದ ಮೇಲೆ ಕೇಳುವುದು ಈ ವ್ಯವಹಾರದಲ್ಲಿ ಮಾಮೂಲು.

ಹೆಸರು ಆರಿಸುವಾಗ ನಮ್ಮ ಕಡೆಗೆ ಒಂದು ವಿಶೇಷ ತೊಡಕಿದೆ. ಊರಿನ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಆಯಿತು. ಆದರೆ ಹೊರಗಿನ ವ್ಯಾಪಾರಿಗಳು ಇವತ್ತಿಗೂ "ಗುಲ್ಬರ್ಗಾ ತೂರ್ ದಾಲ್" ಅಂತಲೇ ಹುಡುಕುತ್ತಾರೆ. 2019ರಲ್ಲಿ ನಮ್ಮ ತೊಗರಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ನೋಂದಣಿಯೂ ಗುಲ್ಬರ್ಗಾ ಹೆಸರಿನಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಕಲಬುರಗಿ ಬರೆಯುವಾಗ ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗ್. ಹಾಗಾಗಿ ಡೊಮೇನ್‌ನಲ್ಲಿ ಊರಿನ ಹೆಸರು ತುರುಕದೆ ಸಂಸ್ಥೆಯ ಹೆಸರು ಮಾತ್ರ ಇಡಿ. ಊರಿನ ಎರಡೂ ಹೆಸರು ಸೈಟಿನ ಒಳಗಿನ ಬರಹದಲ್ಲಿ ಬರಲಿ.

ಎಚ್ಚರಿಕೆಯ ಗುರುತು: "ಡೊಮೇನ್ ಫ್ರೀ ಸರ್, ನೀವು ತಲೆ ಕೆಡಿಸಿಕೊಳ್ಳಬೇಡಿ" ಎನ್ನುವ ಮಾತು. ಫ್ರೀ ಬೇಡ, ಆ ಸಾವಿರ ರೂಪಾಯಿ ನಾವೇ ಕೊಡುತ್ತೇವೆ ಅನ್ನಿ.

ಹಂತ 3: ಬರಹ ಮತ್ತು ಫೋಟೋ ಮೊದಲು ಸಿದ್ಧ ಮಾಡಿ

ಅರ್ಧಕ್ಕೆ ನಿಂತ ಸೈಟ್‌ಗಳಲ್ಲಿ ತಪ್ಪು ಯಾವಾಗಲೂ ಡೆವಲಪರ್‌ದೇ ಅಂತ ತಿಳಿಯಬೇಡಿ. ಅಡ್ವಾನ್ಸ್ ಕೊಟ್ಟು, "ಫೋಟೋ ನಾಳೆ ಕಳಿಸುತ್ತೇನೆ" ಅಂತ ಆರು ತಿಂಗಳು ಕಾಯಿಸುವ ಮಾಲೀಕರು ಎಲ್ಲ ಊರಲ್ಲೂ ಇದ್ದಾರೆ. ಅಷ್ಟರಲ್ಲಿ ಆ ಹುಡುಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿರುತ್ತದೆ.

ಪ್ರತಿ ಪುಟಕ್ಕೂ ಏನು ಬರಬೇಕು ಎಂದು ನೀವೇ ಬರೆದಿಡಿ. ಸಂಸ್ಥೆ ಬಗ್ಗೆ ಎಂಟು ಹತ್ತು ಸಾಲು, ಸರಕಿನ ಪಟ್ಟಿ, ವಿಳಾಸ, ಕೆಲಸದ ಸಮಯ, ಫೋನ್. ತಿನ್ನುವ ವಸ್ತುವಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್. ಬರಹ ಚೆನ್ನಾಗಿರಬೇಕಿಲ್ಲ, ನಿಜ ಇದ್ದರೆ ಸಾಕು.

ಕನ್ನಡ ಬರಹದಲ್ಲಿ ಒಂದು ದೊಡ್ಡ ಗುಂಡಿ ಇದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಕಡತ ಯುನಿಕೋಡ್ (ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಅಕ್ಷರ ವ್ಯವಸ್ಥೆ) ಆಗಿರುವುದಿಲ್ಲ. ಅದನ್ನು ಹಾಗೇ ಕಾಪಿ ಮಾಡಿ ಸೈಟಿಗೆ ಹಾಕಿದರೆ ಕನ್ನಡ ಅಕ್ಷರದ ಬದಲು, ತಲೆ ಮೇಲೆ ಗೀಟು ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆಗ ಡೆವಲಪರ್ ಸುಲಭದ ದಾರಿ ಹಿಡಿಯುತ್ತಾನೆ: ಕನ್ನಡ ಬರಹವನ್ನು ಚಿತ್ರ ಮಾಡಿ ಅಂಟಿಸುತ್ತಾನೆ. ನೋಡಲು ಸರಿ ಇರುತ್ತದೆ, ಆದರೆ ಗೂಗಲ್ ಅದನ್ನು ಬರಹ ಅಂತ ಓದಿಕೊಳ್ಳುವುದನ್ನು ನಂಬಿ ಕೂರುವಂತಿಲ್ಲ, ಫೋನ್‌ನಲ್ಲಿ ಅಕ್ಷರ ದೊಡ್ಡದಾಗುವುದಿಲ್ಲ, ಒಂದು ದರ ಬದಲಿಸಬೇಕಾದರೂ ಮತ್ತೆ ಅವನ ಹತ್ತಿರವೇ ಹೋಗಬೇಕು. ಪರೀಕ್ಷೆ ಸುಲಭ. ಬರಹವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಯುನಿಕೋಡ್. ಕಾಣದಿದ್ದರೆ ಡಿಟಿಪಿಯವರಿಗೆ ಯುನಿಕೋಡ್‌ಗೆ ಪರಿವರ್ತಿಸಿ ಕೊಡಲು ಹೇಳಿ, ಅದಕ್ಕೆ ಸಾಧನಗಳಿವೆ. ಪರಿವರ್ತನೆ ಆದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ, ಅರ್ಕಾವತ್ತು ಇರುವ ಪದಗಳು ಅಲ್ಲಲ್ಲಿ ಕೆಡುತ್ತವೆ.

ಬೀದರ್, ಕಲಬುರಗಿಯಲ್ಲಿ ಉರ್ದು ಪುಟವೂ ಬೇಕು ಎನ್ನುವವರು ಈಗಲೇ ಹೇಳಿಬಿಡಿ. ಬಲದಿಂದ ಎಡಕ್ಕೆ ಓದುವ ಭಾಷೆಗೆ ಪುಟದ ಜೋಡಣೆಯೇ ತಿರುಗಬೇಕು. ಕೊನೆಗೆ ಹೇಳಿದರೆ ಹೊಸ ಬಿಲ್ ಬರುತ್ತದೆ, ಅದು ನ್ಯಾಯವೂ ಹೌದು.

ಫೋಟೋ ವಿಷಯಕ್ಕೆ ಬರೋಣ. ಗೂಗಲ್‌ನಿಂದ ಎತ್ತಿದ ಫೋಟೋ ಹಾಕಿಸಬೇಡಿ, ಕಾಪಿರೈಟ್ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ನೀವು. ಬಿದ್ರಿ ವಸ್ತುವಿಗೆ ಇನ್ನೊಂದು ಕಷ್ಟ: ಕಪ್ಪು ಮೈ, ಅದರ ಮೇಲೆ ಬೆಳ್ಳಿ ಗೆರೆ. ಫ್ಲ್ಯಾಶ್ ಹಾಕಿದರೆ ಬೆಳ್ಳಿ ಬಿಳಿ ಮಚ್ಚೆಯಾಗುತ್ತದೆ, ಕಪ್ಪಿನಲ್ಲಿ ತೆಗೆಯುವವನ ಮುಖ ಕಾಣುತ್ತದೆ. ಫ್ಲ್ಯಾಶ್ ಬಂದ್ ಮಾಡಿ, ಕಿಟಕಿ ಪಕ್ಕ ಬೆಳಗಿನ ಬೆಳಕಿನಲ್ಲಿ, ಎದುರಿಗೆ ಬಿಳಿ ಬಟ್ಟೆ ಹಿಡಿದು, ಸ್ವಲ್ಪ ಓರೆಯಿಂದ ತೆಗೆಯಿರಿ. ಕೈಕೆಲಸ ಆದ್ದರಿಂದ ಒಂದರಂತೆ ಒಂದಿರುವುದಿಲ್ಲ, ಪ್ರತಿ ವಸ್ತುವಿನ ಎತ್ತರ, ತೂಕ ಬರೆದಿಡಿ. ಇಲ್ಲದಿದ್ದರೆ "ಫೋಟೋದಲ್ಲಿ ದೊಡ್ಡದಿತ್ತು" ಅಂತ ಪಾರ್ಸಲ್ ವಾಪಸ್ ಬರುತ್ತದೆ.

ಹಾಂ, ಜಿಐ ಲೋಗೊ. ಬಿದ್ರಿಗೂ ತೊಗರಿಗೂ ಜಿಐ ಇದೆ ನಿಜ, ಆದರೆ 1999ರ ಜಿಐ ಕಾಯ್ದೆಯ ಪ್ರಕಾರ ಅದನ್ನು ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ. ಡೆವಲಪರ್‌ಗೆ ಇದೆಲ್ಲ ಗೊತ್ತಿರುವುದಿಲ್ಲ, ಚೆಂದ ಕಾಣುತ್ತದೆ ಅಂತ ಹಾಕಿಬಿಡುತ್ತಾನೆ.

ಹಂತ 4: ಈಗ ಡೆವಲಪರ್ ಹುಡುಕಿ

ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಊರಿನ ಸಣ್ಣ ಏಜೆನ್ಸಿ, ಬೆಂಗಳೂರು ಅಥವಾ ಹೈದರಾಬಾದಿನ ಕಂಪನಿ: ಯಾರಾದರೂ ಸರಿ. ಕಾಲೇಜಿನ ಹುಡುಗರು ಕಡಿಮೆಗೆ ಮಾಡಿಕೊಡುತ್ತಾರೆ, ಒಳ್ಳೆ ಕೆಲಸಗಾರರೂ ಸಿಗುತ್ತಾರೆ. ಆದರೆ ಪರೀಕ್ಷೆ ಇರುತ್ತದೆ, ಕೆಲಸ ಸಿಕ್ಕರೆ ಊರು ಬಿಡುತ್ತಾರೆ. ಅದು ತಪ್ಪಲ್ಲ, ನಿಮಗೆ ಮೊದಲೇ ಗೊತ್ತಿರಬೇಕು ಅಷ್ಟೇ. ಖಾತೆಗಳೆಲ್ಲ ನಿಮ್ಮ ಕೈಯಲ್ಲಿದ್ದರೆ ಅವರು ಹೋದರೂ ಅಂಗಡಿ ನಡೆಯುತ್ತದೆ.

ಅವರು ಮಾಡಿದ ಮೂರು ಸೈಟ್‌ಗಳ ಲಿಂಕ್ ಕೇಳಿ. ಸ್ಕ್ರೀನ್‌ಶಾಟ್ ಬೇಡ, ಈಗ ನಡೆಯುತ್ತಿರುವ ಸೈಟ್ ಬೇಕು, ಅದರಲ್ಲಿ ಒಂದಾದರೂ ಎರಡು ವರ್ಷ ಹಳೆಯದಿರಲಿ. ವೈಫೈ ಬಂದ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಆಮೇಲೆ ಆ ಸೈಟಿನ ಮಾಲೀಕರಿಗೇ ಫೋನ್ ಮಾಡಿ. "ಕೆಲಸ ಚೆನ್ನಾಗಿ ಮಾಡಿದಾರಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ಹೀಗೆ ಕೇಳಿ: ಡೊಮೇನ್ ಯಾರ ಖಾತೆಯಲ್ಲಿದೆ? ಫೋನ್ ನಂಬರ್ ಬದಲಿಸಬೇಕಾದಾಗ ಎಷ್ಟು ದಿನ ಹಿಡಿಯಿತು? ಎರಡನೇ ವರ್ಷ ಎಷ್ಟು ಬಿಲ್ ಬಂತು? ಮೂರನೇ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಉದ್ದ ಇರುತ್ತದೆ, ತಾಳ್ಮೆಯಿಂದ ಕೇಳಿ.

ಎಚ್ಚರಿಕೆಯ ಗುರುತುಗಳು: ನಿಮ್ಮ ವ್ಯಾಪಾರದ ಬಗ್ಗೆ ಒಂದೂ ಪ್ರಶ್ನೆ ಕೇಳದೆ ರೇಟ್ ಹೇಳುವವನು. "ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ" ಎನ್ನುವವನು (ಆ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಹೇಳುತ್ತದೆ). "ನಮ್ಮದೇ ಸ್ವಂತ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ" ಎನ್ನುವವನು. ಈ ಕೊನೆಯದರ ಬಗ್ಗೆ ಹುಷಾರು. ವರ್ಡ್‌ಪ್ರೆಸ್ ಎಂಬ, ಎಲ್ಲೆಡೆ ಬಳಕೆಯಲ್ಲಿರುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟನ್ನು ಯಾವ ಊರಿನ ಡೆವಲಪರ್ ಬೇಕಾದರೂ ಮುಂದುವರಿಸಬಹುದು. ಒಬ್ಬನಿಗೇ ಗೊತ್ತಿರುವ ಸಾಫ್ಟ್‌ವೇರ್ ಆದರೆ ಅವನನ್ನು ಬಿಟ್ಟರೆ ನೀವು ಮೊದಲಿಂದ ಶುರು ಮಾಡಬೇಕು.

ಹಂತ 5: ಕೊಟೇಶನ್ ಸಾಲು ಸಾಲಾಗಿ ಓದಿ

ಒಂದು ಮಾದರಿ ನೋಡೋಣ. "ಡೈನಾಮಿಕ್ ವೆಬ್‌ಸೈಟ್, 10 ಪುಟ, ಡೊಮೇನ್ ಫ್ರೀ, ಅನ್‌ಲಿಮಿಟೆಡ್ ಹೋಸ್ಟಿಂಗ್ ಫ್ರೀ, ಎಸ್‌ಎಸ್‌ಎಲ್ ಫ್ರೀ, ಎಸ್‌ಇಒ ಫ್ರೀ, ಸಪೋರ್ಟ್ ಒಂದು ವರ್ಷ, ಒಟ್ಟು 15,000." ವಾಟ್ಸಾಪ್‌ನಲ್ಲಿ ಬರುವ ಕೊಟೇಶನ್ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಡೊಮೇನ್ ಬಗ್ಗೆ ಹೇಳಿ ಆಯಿತು. "ಅನ್‌ಲಿಮಿಟೆಡ್ ಹೋಸ್ಟಿಂಗ್" ಅಂದರೆ ಬಹಳ ಸಲ ಡೆವಲಪರ್ ಒಂದು ಖಾತೆ ಕೊಂಡು ಅದರಲ್ಲೇ ಹತ್ತಾರು ಗಿರಾಕಿಗಳ ಸೈಟ್ ಇಟ್ಟಿರುತ್ತಾನೆ. ಅದರಲ್ಲಿ ಒಂದಕ್ಕೆ ವೈರಸ್ ಹೊಕ್ಕರೆ ಉಳಿದವಕ್ಕೂ ಅಪಾಯ, ಅವನು ಒಂದು ಬಿಲ್ ಕಟ್ಟಲು ಮರೆತರೆ ಎಲ್ಲವೂ ಬಂದ್. ಹೋಸ್ಟಿಂಗ್ ಕೂಡ ನಿಮ್ಮ ಇಮೇಲ್‌ನಿಂದಲೇ ಕೊಳ್ಳಿ, ಅವನಿಗೆ ಒಳಗೆ ಬರಲು ಅನುಮತಿ ಕೊಡಿ. ಸರ್ವರ್ ಭಾರತದಲ್ಲಿರುವುದನ್ನು ಆರಿಸಿದರೆ ಒಳ್ಳೆಯದು.

"ಎಸ್‌ಎಸ್‌ಎಲ್ ಫ್ರೀ" (ಸೈಟಿಗೂ ನೋಡುವವರಿಗೂ ನಡುವೆ ಹೋಗುವ ಮಾಹಿತಿಯನ್ನು ಕದಿಯದಂತೆ ಕಾಯುವ ಪ್ರಮಾಣಪತ್ರ) ಎನ್ನುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿಯೇ ಕೊಡುತ್ತದೆ. ಅದಕ್ಕೆ ಅಂತ ಬೇರೆ ರೊಕ್ಕ ಕೇಳಿದರೆ ಯಾಕೆ ಅಂತ ಕೇಳಿ. "ಎಸ್‌ಇಒ ಫ್ರೀ" (ಗೂಗಲ್ ಹುಡುಕಾಟದಲ್ಲಿ ಸೈಟ್ ಸಿಗುವಂತೆ ಮಾಡುವ ಕೆಲಸ) ಅಂದರೆ ಏನೇನು ಮಾಡುತ್ತೀರಿ ಎಂದು ಬರೆಸಿಕೊಳ್ಳಿ. ಪ್ರತಿ ಪುಟಕ್ಕೆ ಶೀರ್ಷಿಕೆ, ವಿವರಣೆ ಬರೆಯುವುದು, ಗೂಗಲ್ ಸರ್ಚ್ ಕನ್ಸೋಲ್‌ಗೆ (ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಸಾಧನ) ಸೇರಿಸುವುದು, ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಡುವುದು, ಇಷ್ಟಾದರೆ ಸಾಕು. "ಸಪೋರ್ಟ್" ಅಂದರೆ ತಿಂಗಳಿಗೆ ಎಷ್ಟು ಬದಲಾವಣೆ, ಎಷ್ಟು ದಿನದಲ್ಲಿ?

"ಪುಟ" ಅಂದರೆ ಏನು ಎಂದೂ ಕೇಳಿ. ಐವತ್ತು ಬಿದ್ರಿ ವಸ್ತುಗಳಿದ್ದರೆ ಐವತ್ತು ಪುಟ ಅಂತ ಲೆಕ್ಕ ಹಾಕುವವರಿದ್ದಾರೆ. ಮೊತ್ತ ಜಿಎಸ್‌ಟಿ ಸೇರಿಯೋ, ಬಿಟ್ಟೋ? ಈ ಸೇವೆಗೆ 18% ಜಿಎಸ್‌ಟಿ, ಅಂದರೆ 15,000ದ ಮೇಲೆ 2,700. ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಅದನ್ನು ವಸೂಲಿ ಮಾಡುವಂತಿಲ್ಲ.

ಥೀಮ್ (ಸೈಟಿನ ಸಿದ್ಧ ವಿನ್ಯಾಸ), ಪ್ಲಗಿನ್‌ಗಳ (ಸೈಟಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಲೈಸೆನ್ಸ್ ಯಾರ ಹೆಸರಿನಲ್ಲಿ ಎಂದು ಕೇಳಲು ಯಾರಿಗೂ ನೆನಪಾಗುವುದಿಲ್ಲ. ರೊಕ್ಕ ಕೊಟ್ಟು ಕೊಳ್ಳಬೇಕಾದ ಥೀಮ್‌ನ ಕದ್ದ ಪ್ರತಿ ಇಂಟರ್‌ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ, ಅದರೊಳಗೆ ಹಲವು ಸಲ ಕೆಟ್ಟ ಕೋಡ್ ಅಡಗಿರುತ್ತದೆ. ಕೆಲವು ತಿಂಗಳಾದ ಮೇಲೆ ನಿಮ್ಮ ಬೇಳೆಯ ಸೈಟ್ ತೆರೆದರೆ ಜೂಜಿನ ಜಾಹೀರಾತು ಬರುತ್ತದೆ. ಅಪ್‌ಡೇಟ್ ಕೂಡ ಬರುವುದಿಲ್ಲ.

ಆನ್‌ಲೈನ್ ಮಾರಾಟ ಇದ್ದರೆ ಇನ್ನೊಂದಿಷ್ಟು. ಪೇಮೆಂಟ್ ಗೇಟ್‌ವೇ ಖಾತೆ ನಿಮ್ಮ ಪ್ಯಾನ್, ನಿಮ್ಮ ಬ್ಯಾಂಕ್ ಖಾತೆಯಲ್ಲೇ ಇರಬೇಕು. ಗಿರಾಕಿ ಕಟ್ಟಿದ ರೊಕ್ಕ ಡೆವಲಪರ್ ಖಾತೆಗೆ ಹೋಗಿ ಅಲ್ಲಿಂದ ನಿಮಗೆ ಬರುವ ಏರ್ಪಾಡು ಯಾವ ಕಾರಣಕ್ಕೂ ಬೇಡ. ಹಲವು ಗೇಟ್‌ವೇಗಳ ಶುಲ್ಕ ಸುಮಾರು 2%, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಸಾವಿರ ರೂಪಾಯಿ ಮಾಲಿಗೆ 23 ರೂಪಾಯಿ 60 ಪೈಸೆ ಹೋಗುತ್ತದೆ, ಬೆಲೆ ಹಾಕುವಾಗ ನೆನಪಿರಲಿ. ಸೈಟಿನಲ್ಲಿ ವಾಪಸಾತಿ ನಿಯಮ, ಗೌಪ್ಯತೆ ನಿಯಮ, ಸಂಪರ್ಕ ವಿಳಾಸದ ಪುಟಗಳಿಲ್ಲದಿದ್ದರೆ ಗೇಟ್‌ವೇಯವರು ಖಾತೆ ಒಪ್ಪುವುದಿಲ್ಲ. ಗ್ರಾಹಕ ರಕ್ಷಣೆಯ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಸಣ್ಣ ಅಂಗಡಿಯಲ್ಲಿ ಆ "ಅಧಿಕಾರಿ" ನೀವೇ ಆಗಿರುತ್ತೀರಿ, ಪರವಾಗಿಲ್ಲ.

ಹಂತ 6: ಬರಹದಲ್ಲಿ ಒಪ್ಪಂದ, ಕಂತಿನಲ್ಲಿ ರೊಕ್ಕ

"ಪರಿಚಯದವರೇ, ಬರೆಸಿಕೊಂಡರೆ ಬೇಜಾರಾಗುತ್ತಾರೆ" ಎನ್ನುವುದು ನಮ್ಮ ಕಡೆ ದೊಡ್ಡ ರೋಗ. ಪರಿಚಯದವರು ಅಂತಲೇ ಬರೆಸಿಕೊಳ್ಳಬೇಕು, ಆಮೇಲೆ ಮದುವೆ ಮುಂಜಿವೆಯಲ್ಲಿ ಮುಖ ನೋಡಬೇಕಲ್ವಾ.

ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಹಕ್ಕಿನದು. ರೊಕ್ಕ ಕೊಟ್ಟಿದ್ದೇವೆ, ಆದ್ದರಿಂದ ಸೈಟ್ ನಮ್ಮದು ಅಂತ ಎಲ್ಲರೂ ತಿಳಿದಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಹಾಗೆ ಹೇಳುವುದಿಲ್ಲ. ಸಂಬಳದ ನೌಕರ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ಹೊರಗಿನವನಿಗೆ ಗುತ್ತಿಗೆ ಕೊಟ್ಟು ಬರೆಸಿದ ಕೋಡ್‌ನ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆದವನದ್ದೇ. ಅದನ್ನು ನಿಮಗೆ ವರ್ಗಾಯಿಸಬೇಕಾದರೆ 19ನೇ ಕಲಂ ಪ್ರಕಾರ ಬರಹದಲ್ಲಿರಬೇಕು, ಅವನ ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಈ ಅರ್ಥದ ಸಾಲು ಇರಲಿ: "ಪೂರ್ತಿ ಹಣ ಸಂದಾಯವಾದ ಮೇಲೆ ಈ ವೆಬ್‌ಸೈಟಿಗಾಗಿ ಬರೆದ ಕೋಡ್, ವಿನ್ಯಾಸ, ಬರಹಗಳ ಕಾಪಿರೈಟ್ ಅದರ ಸಂಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಗ್ರಾಹಕರಿಗೆ ವರ್ಗಾವಣೆಯಾಗುತ್ತದೆ." ವರ್ಡ್‌ಪ್ರೆಸ್ ಮತ್ತು ಕೊಂಡ ಥೀಮ್‌ಗಳಿಗೆ ಅವುಗಳದೇ ಲೈಸೆನ್ಸ್ ಇರುತ್ತದೆ, ಅದು ಬೇರೆ. ದೊಡ್ಡ ಮೊತ್ತದ ಕೆಲಸವಾದರೆ ವಕೀಲರಿಗೆ ಒಮ್ಮೆ ತೋರಿಸಿ.

ಉಳಿದಂತೆ: ಪುಟಗಳ ಪಟ್ಟಿ, ಮುಗಿಸುವ ದಿನಾಂಕ, ಎಷ್ಟು ಸಲ ತಿದ್ದುಪಡಿ ಉಚಿತ, ಎರಡನೇ ವರ್ಷದಿಂದ ಏನೇನು ಖರ್ಚು, ನಡುವೆ ಬಿಟ್ಟರೆ ಯಾರು ಯಾರಿಗೆ ಏನು ಕೊಡಬೇಕು. ನೀವು ಬರಹ, ಫೋಟೋ ಯಾವ ದಿನದೊಳಗೆ ಕೊಡುತ್ತೀರಿ ಎನ್ನುವುದನ್ನೂ ಬರೆಯಿರಿ. ಅವರಿಗೂ ನ್ಯಾಯ ಸಿಗಬೇಕು.

ರೊಕ್ಕ ಕೊಡುವ ಕ್ರಮ: ಶುರುವಿಗೆ 30%, ವಿನ್ಯಾಸ ಒಪ್ಪಿದ ಮೇಲೆ 30%, ಸೈಟ್ ಸಿದ್ಧವಾದಾಗ 20%, ಕೀಲಿಗಳೆಲ್ಲ (ಎಲ್ಲ ಖಾತೆಗಳ ಪ್ರವೇಶ, ಹಂತ 9 ನೋಡಿ) ಕೈಗೆ ಬಂದ ಮೇಲೆ ಉಳಿದ 20%. ಪೂರ್ತಿ ಅಡ್ವಾನ್ಸ್ ಕೇಳಿದರೆ ಎದ್ದು ಬನ್ನಿ. ಹಾಗೆಯೇ ಒಂದು ರೂಪಾಯಿ ಅಡ್ವಾನ್ಸ್ ಇಲ್ಲದೆ ಕೆಲಸ ಮಾಡಿ ತೋರಿಸು ಅನ್ನಬೇಡಿ, ಅದಕ್ಕೆ ಒಪ್ಪುವವನು ಬೇರೆ ಯಾರದ್ದೋ ಸೈಟಿನ ಹೆಸರು ಬದಲಿಸಿ ತೋರಿಸುತ್ತಾನೆ.

ಹಂತ 7: ಕೆಲಸ ನಡೆಯುವಾಗ

ಮಾತೆಲ್ಲ ಒಂದೇ ಕಡೆ ಇರಲಿ, ಇಮೇಲ್ ಅಥವಾ ಒಂದು ವಾಟ್ಸಾಪ್ ಗ್ರೂಪ್. ನಿಮ್ಮ ಕಡೆಯಿಂದ ಒಬ್ಬರೇ ಮಾತಾಡಿ. ಅಪ್ಪ ಹಸಿರು ಬಣ್ಣ ಅನ್ನುವುದು, ತಮ್ಮ ಕೆಂಪು ಅನ್ನುವುದು, ಇದರಲ್ಲೇ ಹದಿನೈದು ದಿನ ಹೋಗುತ್ತದೆ. ವಾರಕ್ಕೊಮ್ಮೆ ಪರೀಕ್ಷಾ ಲಿಂಕ್ ಕೇಳಿ ನೋಡಿ. "90% ಆಗಿದೆ ಸರ್" ಅಂತ ಮೂರು ವಾರ ಅದನ್ನೇ ಕೇಳಿದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಹಂತ 8: ಕೊನೆಯ ಕಂತಿನ ಮುಂಚೆ ನೀವೇ ಪರೀಕ್ಷೆ ಮಾಡಿ

ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ನೋಡಬೇಡಿ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಂಡು, ಮೊಬೈಲ್ ಡೇಟಾದಲ್ಲಿ, ಸಾಧ್ಯವಾದರೆ ಊರ ಹೊರಗೆ ಸಿಗ್ನಲ್ ಕಡಿಮೆ ಇರುವ ಜಾಗದಲ್ಲಿ ತೆರೆಯಿರಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಪುಟದಲ್ಲಿ ಸೈಟಿನ ವಿಳಾಸ ಹಾಕಿ, ಮೊಬೈಲ್ ಭಾಗದ ಫಲಿತಾಂಶ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಅಳತೆ. ನಿಧಾನಕ್ಕೆ ಕಾರಣ ಬಹಳ ಸಲ ಒಂದೇ, ಫೋನ್‌ನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೋವನ್ನು ಹಾಗೇ ಹಾಕಿರುವುದು. ಅದನ್ನು ಕುಗ್ಗಿಸಲು ಹೇಳಿ.

ಸಂಪರ್ಕದ ಫಾರ್ಮ್ ನೀವೇ ತುಂಬಿ ಕಳಿಸಿ, ಇಮೇಲ್ ಎಲ್ಲಿಗೆ ಹೋಯಿತು ಪತ್ತೆ ಮಾಡಿ. ಸ್ಪ್ಯಾಮ್‌ಗೆ ಹೋಗುವುದು ಸಾಮಾನ್ಯ. ಅದಕ್ಕಿಂತ ಕೆಟ್ಟದ್ದು, ಪರೀಕ್ಷೆಗೆ ಅಂತ ಹಾಕಿದ ಡೆವಲಪರ್‌ನ ಇಮೇಲ್ ಹಾಗೇ ಉಳಿದು, ನಿಮಗೆ ಬರಬೇಕಾದ ವಿಚಾರಣೆಗಳೆಲ್ಲ ಅವನ ಹತ್ತಿರ ಬೀಳುವುದು. ವರ್ಷಗಟ್ಟಲೆ "ಸೈಟಿನಿಂದ ಒಂದು ಫೋನೂ ಬರಲಿಲ್ಲ" ಅಂತ ಕೂತಿರುತ್ತೀರಿ.

ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ "ರೀಡಿಂಗ್" ತೆರೆಯಿರಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎನ್ನುವ ಅರ್ಥದ ಒಂದು ಚೌಕ ಇರುತ್ತದೆ. ಕೆಲಸ ನಡೆಯುವಾಗ ಅದಕ್ಕೆ ಟಿಕ್ ಹಾಕಿರುತ್ತಾರೆ, ತೆಗೆಯಲು ಮರೆಯುತ್ತಾರೆ. ಟಿಕ್ ಇದ್ದರೆ ಗೂಗಲ್‌ನಲ್ಲಿ ನೀವು ಕಾಣುವುದೇ ಇಲ್ಲ.

ಫೋನ್ ನಂಬರ್ ಒತ್ತಿದರೆ ಕರೆ ಹೋಗಬೇಕು. ವಾಟ್ಸಾಪ್ ಬಟನ್‌ನಲ್ಲಿ 91 ಸೇರಿರಬೇಕು. ಮ್ಯಾಪ್ ಒತ್ತಿದರೆ ನಿಮ್ಮ ಬಾಗಿಲಿಗೇ ಬರಬೇಕು. ಕನ್ನಡ ಬರಹದ ಮೇಲೆ ಬೆರಳಿಟ್ಟು ಹಿಡಿದಾಗ ಪದ ಆಯ್ಕೆ ಆಗಬೇಕು. ಆಗದಿದ್ದರೆ ಅದು ಚಿತ್ರ. ಮಾರಾಟದ ಸೈಟ್ ಆದರೆ ಹತ್ತು ರೂಪಾಯಿಯ ವಸ್ತು ಮಾಡಿ, ನಿಜವಾದ ರೊಕ್ಕ ಕಟ್ಟಿ, ಬ್ಯಾಂಕಿಗೆ ಬರುವವರೆಗೂ ಕಾಯಿರಿ, ಆಮೇಲೆ ಅದನ್ನು ವಾಪಸ್ ಮಾಡಿಯೂ ನೋಡಿ. ಆಸ್ಪತ್ರೆಯವರು ಫಾರ್ಮ್‌ನಲ್ಲಿ ಹೆಸರು, ಫೋನ್ ಬಿಟ್ಟು ರೋಗದ ವಿವರ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇದೆ, ಬೇಡದ ಮಾಹಿತಿ ಕೂಡಿಟ್ಟುಕೊಳ್ಳುವುದು ನಿಮಗೇ ಹೊರೆ.

ಹಂತ 9: ಕೀಲಿಗಳನ್ನು ಪಡೆಯಿರಿ

ನೋಟ್‌ಬುಕ್ ತೆಗೆಯಿರಿ. ಡೊಮೇನ್, ಹೋಸ್ಟಿಂಗ್, ವರ್ಡ್‌ಪ್ರೆಸ್, ಸರ್ಚ್ ಕನ್ಸೋಲ್, ಅನಲಿಟಿಕ್ಸ್ (ಎಷ್ಟು ಜನ ಸೈಟ್ ನೋಡಿದರು ಎಂಬ ಲೆಕ್ಕ), ಗೂಗಲ್ ಬಿಸಿನೆಸ್ ಪ್ರೊಫೈಲ್, ಗೇಟ್‌ವೇ: ಪ್ರತಿಯೊಂದು ಯಾವ ಇಮೇಲ್‌ನಲ್ಲಿದೆ, ಯಾವ ದಿನ ನವೀಕರಣ, ಎಷ್ಟು ರೊಕ್ಕ, ಬರೆದುಕೊಳ್ಳಿ. ಪಾಸ್‌ವರ್ಡ್ ಅದರಲ್ಲಿ ಬರೆದು ಗಲ್ಲಾದ ಮೇಲೆ ಇಡಬೇಡಿ, ಅದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಲಿ.

ವರ್ಡ್‌ಪ್ರೆಸ್‌ನಲ್ಲಿ ನಿಮ್ಮ ಖಾತೆ "ಅಡ್ಮಿನಿಸ್ಟ್ರೇಟರ್" ಇರಬೇಕು. "ಎಡಿಟರ್" ಕೊಟ್ಟು, ಇದೇ ಅಡ್ಮಿನ್ ಅಂತ ಹೇಳುವವರಿದ್ದಾರೆ. ಪರೀಕ್ಷೆ: ಎಡಗಡೆ ಪಟ್ಟಿಯಲ್ಲಿ "ಪ್ಲಗಿನ್ಸ್" ಕಾಣುತ್ತದೆಯಾ? ಕಾಣದಿದ್ದರೆ ನೀವು ಅಡ್ಮಿನ್ ಅಲ್ಲ. ಸೈಟಿನ ಪೂರ್ತಿ ಬ್ಯಾಕಪ್ ಒಂದನ್ನು ನಿಮ್ಮದೇ ಡ್ರೈವ್‌ಗೆ ಇಳಿಸಿಕೊಳ್ಳಿ, ಹೋಸ್ಟಿಂಗ್‌ನಲ್ಲೇ ಇರುವ ಬ್ಯಾಕಪ್ ಹೋಸ್ಟಿಂಗ್ ಹೋದರೆ ಜೊತೆಗೇ ಹೋಗುತ್ತದೆ. ದರ ಬದಲಿಸುವುದು, ಫೋಟೋ ಸೇರಿಸುವುದು ಹೇಗೆ ಎಂದು ಅವರು ಮಾಡಿ ತೋರಿಸುವಾಗ ಫೋನ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಕೊನೆಯ ಕಂತು ಅದೇ ದಿನ ಕೊಟ್ಟುಬಿಡಿ. ಸತಾಯಿಸಬೇಡಿ. ನಿರ್ವಹಣೆಗೆ ಅವರನ್ನೇ ಇಟ್ಟುಕೊಂಡರೆ ಅವರ ಖಾತೆ ಇರಲಿ, ಇಲ್ಲದಿದ್ದರೆ ಪಾಸ್‌ವರ್ಡ್‌ಗಳನ್ನು ಬದಲಿಸಿ ಅವರ ಖಾತೆ ತೆಗೆಯಿರಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಜಗಳ ಶುರು ಮಾಡುವ ಮುಂಚೆ "ಹೂ ಈಸ್" (WHOIS) ಎಂಬ, ಡೊಮೇನ್‌ನ ನೋಂದಣಿ ವಿವರ ತೋರಿಸುವ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ಮಾಲೀಕರ ಹೆಸರು ಮರೆಮಾಡಿರಬಹುದು, ಆದರೆ ಯಾವ ರಿಜಿಸ್ಟ್ರಾರ್, ಯಾವ ದಿನ ಮುಗಿಯುತ್ತದೆ ಎನ್ನುವುದು ಕಾಣುತ್ತದೆ.

ಡೆವಲಪರ್ ಮಾತಿಗೆ ಸಿಕ್ಕರೆ ಸುಲಭದ ದಾರಿ: ಅದೇ ರಿಜಿಸ್ಟ್ರಾರ್‌ನಲ್ಲಿ ನೀವೊಂದು ಖಾತೆ ತೆರೆದು, ಅವನ ಖಾತೆಯಿಂದ ನಿಮ್ಮದಕ್ಕೆ ಸರಿಸಲು ಹೇಳಿ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬೇಕಾದರೆ ಲಾಕ್ ತೆಗೆಸಿ, ವರ್ಗಾವಣೆಯ ಕೋಡ್ ಪಡೆಯಬೇಕು. ಹೊಸದಾಗಿ ಕೊಂಡ ಅಥವಾ ಈಚೆಗೆ ವರ್ಗಾವಣೆಯಾದ ಡಾಟ್ ಕಾಮ್ ಆದರೆ ಸಾಮಾನ್ಯವಾಗಿ 60 ದಿನ ಕಾಯಬೇಕಾಗುತ್ತದೆ. ಹಳೇ ಬಾಕಿ ನಿಜವಾಗಿಯೂ ಇದ್ದರೆ ಕೊಟ್ಟು ಬಗೆಹರಿಸಿಕೊಳ್ಳಿ, ಸಾವಿರ ಎರಡು ಸಾವಿರಕ್ಕೆ ಹಟ ಹಿಡಿಯುವ ಜಾಗ ಇದಲ್ಲ.

ಅವಧಿ ಮುಗಿದ ಡಾಟ್ ಕಾಮ್ ಕೂಡಲೇ ಕೈ ತಪ್ಪುವುದಿಲ್ಲ. ನವೀಕರಣದ ಸಮಯ ಮುಗಿದು ರಿಜಿಸ್ಟ್ರಾರ್ ಅದನ್ನು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನಕ್ಕೆ ಅದು ಯಾರು ಬೇಕಾದರೂ ಕೊಳ್ಳುವಂತಾಗುತ್ತದೆ. ಖಾತೆ ಅವನದ್ದಾಗಿದ್ದರೆ ಆ ದಂಡವನ್ನೂ ಅವನ ಖಾತೆಯಿಂದಲೇ ಕಟ್ಟಬೇಕು, ಇದನ್ನು ಹೇಳಿ ಒಪ್ಪಿಸಿ.

ಮಾತಿಗೇ ಸಿಗದಿದ್ದರೆ ರೊಕ್ಕ ಕಟ್ಟಿದ ರಸೀದಿ, ವಾಟ್ಸಾಪ್ ಮಾತು, ಜಿಎಸ್‌ಟಿ ಪ್ರಮಾಣಪತ್ರ ಎಲ್ಲಾ ಜೋಡಿಸಿ ರಿಜಿಸ್ಟ್ರಾರ್‌ಗೆ ಬರೆಯಿರಿ. ನಿಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಇದ್ದರೆ ಡಾಟ್ ಇನ್ ವಿವಾದಕ್ಕೆ, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಎಂಬ ವ್ಯವಸ್ಥೆ ಇದೆ, ಡಾಟ್ ಕಾಮ್‌ಗೆ ಯುಡಿಆರ್‌ಪಿ. ಎರಡಕ್ಕೂ ಸಮಯ, ಖರ್ಚು ಜಾಸ್ತಿ, ಸಣ್ಣ ಅಂಗಡಿಗೆ ಹೊಸ ಹೆಸರು ಕೊಳ್ಳುವುದೇ ಅಗ್ಗ. ಹಾಗೆ ಹೊಸ ಹೆಸರು ಕೊಂಡರೆ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿರುವ ಲಿಂಕ್ ಬದಲಿಸಿ, ಆಮೇಲೆ ವಾಟ್ಸಾಪ್ ಬಿಸಿನೆಸ್, ಆಮೇಲೆ ಬಿಲ್ ಪುಸ್ತಕ. ಹಳೇ ಡೊಮೇನ್‌ನ ಇಮೇಲನ್ನು ಬ್ಯಾಂಕಿಗೋ ಜಿಎಸ್‌ಟಿ ಪೋರ್ಟಲ್‌ಗೋ ಕೊಟ್ಟಿದ್ದರೆ ಅದನ್ನು ಅದೇ ದಿನ ಬದಲಿಸಿ. ಆ ಹೆಸರನ್ನು ನಾಳೆ ಬೇರೆ ಯಾರಾದರೂ ಕೊಂಡರೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.